ಮೂರು ಕಿಲೋವ್ಯಾಟ್ ಕೈಬಿಟ್ಟ ಮೇಲೆ ಉಳಿದ ಬೆಳಕು: ಮಲೆನಾಡಿನ ಒಂದು ಹಳ್ಳದ ಪ್ರಕರಣ

ಶರಾವತಿ ಸೀಮೆಯ ಒಂದು ಮೂಲೆಯಲ್ಲಿ ನಾಲ್ಕು ಮನೆಗಳಿವೆ. ಮನೆಗಳ ಬೆನ್ನಿಗೆ ಗುಡ್ಡ, ಮುಂದೆ ಅಡಿಕೆ ತೋಟ, ಪಕ್ಕದಲ್ಲೇ ಇಳಿದು ಬರುವ ಹಳ್ಳ. ಆ ಹಳ್ಳದಿಂದ ಕರೆಂಟು ಮಾಡಲು ಹೋಗಿ ಅವರು ಮೊದಲು ಸೋತದ್ದು, ಆಮೇಲೆ ಮಾಡಿಕೊಂಡದ್ದು ಹೇಗೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾಲ್ಕೂ ಮನೆಯವರ ಒಪ್ಪಿಗೆ ಇದೆ. ಊರಿನ ಹೆಸರು, ಹಳ್ಳದ ಹೆಸರು, ಜನರ ಹೆಸರು ಬಿಟ್ಟಿದ್ದೇನೆ. ಯಂತ್ರ ಕೊಟ್ಟವರ ಹೆಸರೂ ಬೇಡ. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಓದಿದವನು. ಮೇಲಿನ ಮನೆಯ ಯಜಮಾನರು ನನಗೆ ಭಾವ ಆಗಬೇಕು. ಹಾಗಾಗಿ ಮೊದಲ ದಿನದಿಂದ ಇದರ ಒಳಗಿದ್ದೆ. ಆದ ತಪ್ಪುಗಳಲ್ಲಿ ಎರಡು ನನ್ನವೇ.

ಹಿನ್ನೆಲೆ

ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವ್ಯಾಟ್. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಅಲ್ಲಿಂದ ಹೊರಟ ದೊಡ್ಡ ಲೈನುಗಳು ಕಾಡಿನ ಮೇಲೆ ಹಾದು ದೂರದ ಊರುಗಳಿಗೆ ಹೋಗುತ್ತವೆ. ಅದೇ ಸೀಮೆಯ ಒಂಟಿ ಮನೆಗಳಲ್ಲಿ ಮಳೆಗಾಲದಲ್ಲಿ ಕರೆಂಟು ಹೋದರೆ ವಾರಗಟ್ಟಲೆ ಬರುವುದಿಲ್ಲ. ಯಾರನ್ನೂ ಬೈದು ಪ್ರಯೋಜನ ಇಲ್ಲ. ಲೈನು ಕಾಡಿನ ಮಧ್ಯೆ ಬರುತ್ತದೆ. ಆರಿದ್ರಾ ಮಳೆಯ ಗಾಳಿಗೆ ಮರ ಬೀಳುತ್ತದೆ. ಒಬ್ಬ ಲೈನ್‌ಮ್ಯಾನ್ ಹತ್ತಾರು ಹಳ್ಳಿ ನೋಡಿಕೊಳ್ಳಬೇಕು. ಒಂದು ಕಡೆ ಸರಿಮಾಡಿ ಬರುವಷ್ಟರಲ್ಲಿ ಇನ್ನೊಂದು ಕಡೆ ಬಿದ್ದಿರುತ್ತದೆ.

ನಾಲ್ಕು ಮನೆಯವರು ಮೊದಲು ಸೋಲಾರ್ ಹಾಕಿಸಿದ್ದರು. ಬೇಸಿಗೆಯಲ್ಲಿ ಅದು ಚೆನ್ನಾಗಿಯೇ ನಡೆಯುತ್ತಿತ್ತು. ಜೂನ್ ಬಂತೆಂದರೆ ಮೋಡ. ಬ್ಯಾಟರಿ ಅರ್ಧವೂ ತುಂಬುವುದಿಲ್ಲ. ಬಿಸಿಲಿಲ್ಲದ ಆ ನಾಲ್ಕು ತಿಂಗಳಲ್ಲೇ ಹಳ್ಳ ತುಂಬಿ ಹರಿಯುತ್ತದೆ, ಅಲ್ವಾ? ಭಾವನಿಗೆ ಯೋಚನೆ ಹೊಳೆದದ್ದು ಹಾಗೆ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಸರ್ಕಾರಿ ಲೆಕ್ಕದಲ್ಲಿ 25 ಮೆಗಾವ್ಯಾಟ್‌ವರೆಗಿನ ಎಲ್ಲವೂ 'ಸಣ್ಣ' ಜಲವಿದ್ಯುತ್. ಅಂದರೆ ನದಿಗೆ ಅಡ್ಡ ಗೋಡೆ ಕಟ್ಟಿ, ಕಾಲುವೆ ತೋಡಿ, ಕಾಡಿನಲ್ಲಿ ರಸ್ತೆ ಮಾಡಿ ನಡೆಸುವ ಯೋಜನೆಯೂ ಸಣ್ಣದೇ. ನಾನು ಹೇಳುತ್ತಿರುವುದು ಅದಲ್ಲ. ಪೈಪಿನಲ್ಲಿ ನೀರು ತಂದು, ಕೈಯಲ್ಲಿ ಎತ್ತಬಹುದಾದ ಚಕ್ರ ತಿರುಗಿಸಿ, ನೀರನ್ನು ಮತ್ತೆ ಹಳ್ಳಕ್ಕೇ ಬಿಡುವ ಕೆಲಸ. ಎರಡಕ್ಕೂ ಒಂದೇ ಹೆಸರು ಇರುವುದರಿಂದ ಜನ ಒಂದೋ ಹೆದರುತ್ತಾರೆ, ಇಲ್ಲವೇ ಜಾಸ್ತಿ ಆಸೆ ಪಡುತ್ತಾರೆ.

ಲೆಕ್ಕ ಬಹಳ ಸುಲಭ. ನೀರು ಎಷ್ಟು ಮೀಟರ್ ಇಳಿಯುತ್ತದೆ, ಸೆಕೆಂಡಿಗೆ ಎಷ್ಟು ಲೀಟರ್ ಬರುತ್ತದೆ, ಈ ಎರಡನ್ನು ಗುಣಿಸಿ. ಅದನ್ನು 9.8ರಿಂದ ಗುಣಿಸಿದರೆ ನೀರಿನಲ್ಲಿ ಇರುವ ಶಕ್ತಿ ವ್ಯಾಟ್ ಲೆಕ್ಕದಲ್ಲಿ ಬರುತ್ತದೆ. ಇಷ್ಟು ಸಣ್ಣ ಯಂತ್ರದಲ್ಲಿ ಅದರ ಅರ್ಧ ಕೈಗೆ ಸಿಕ್ಕರೆ ಅದೇ ದೊಡ್ಡದು. ಆದ್ದರಿಂದ ಮೀಟರ್ ಗುಣಿಸು ಲೀಟರ್ ಗುಣಿಸು ಐದು ಅಂತ ಇಟ್ಟುಕೊಂಡರೆ ಸಾಕು.

ಮೊದಲ ಯಂತ್ರ

ಹಳ್ಳ ಗುಡ್ಡದಿಂದ ಎಷ್ಟು ಇಳಿಯುತ್ತದೆ ಎಂದು ಕೇಳಿದಾಗ ಎಲ್ಲರೂ "ಇನ್ನೂರು ಅಡಿಗೆ ಮೋಸ ಇಲ್ಲ" ಅಂದರು. ಗಾರೆ ಕೆಲಸದವರು ಮಟ್ಟ ನೋಡಲು ನೀರು ತುಂಬಿದ ಪಾರದರ್ಶಕ ಪೈಪು ಇಟ್ಟುಕೊಳ್ಳುತ್ತಾರಲ್ಲ, ಅದನ್ನೇ ಹಿಡಿದು ಹಂತಹಂತವಾಗಿ ಗುಡ್ಡ ಹತ್ತಿದೆವು. ಅರ್ಧ ದಿನದ ಕೆಲಸ, ಕಾಲಿನ ತುಂಬ ಉಂಬಳ (ಜಿಗಣೆ). ಬಂದದ್ದು 38 ಮೀಟರ್, ಅಂದರೆ 125 ಅಡಿ. ಕಣ್ಣಳತೆ ಅಷ್ಟು ತಪ್ಪಿತ್ತು. ಹಾಗೆ ಅಳೆದದ್ದು ಒಳ್ಳೆಯದೇ ಆಯಿತು.

ಆದರೆ ನೀರನ್ನು ಅದೇ ಶ್ರದ್ಧೆಯಿಂದ ಅಳೆಯಲಿಲ್ಲ. ನಾನು ಹೋದದ್ದು 2017ರ ಜೂನ್ ಕೊನೆಯಲ್ಲಿ. ಹಳ್ಳ ಭೋರ್ಗರೆಯುತ್ತಿತ್ತು. ಸೆಕೆಂಡಿಗೆ 20 ಲೀಟರಿಗಂತೂ ಕಡಿಮೆ ಇಲ್ಲ ಅಂದೆ. ಆ ದಿನಕ್ಕೆ ಅದು ಸರಿ. ಇದು ನನ್ನ ಮೊದಲ ತಪ್ಪು.

ಅದರಲ್ಲಿ 16 ಲೀಟರ್ ಯಂತ್ರಕ್ಕೆ ಅಂತ ಹಿಡಿದೆವು. 38 ಗುಣಿಸು 16 ಗುಣಿಸು 5, ಮೂರು ಕಿಲೋವ್ಯಾಟ್. ಮೂರು ಕಿಲೋವ್ಯಾಟ್ ಅಂದರೆ ನಾಲ್ಕು ಮನೆಗೂ ದೀಪ, ಟಿವಿ, ಮಿಕ್ಸಿ, ಗ್ರೈಂಡರ್, ಎಲ್ಲ. ಎಲ್ಲರ ಮುಖ ಅರಳಿತು. ನೀರನ್ನು ಧಾರೆಯಾಗಿ ಚಿಮ್ಮಿಸುವ ನಾಝಲ್ ಒಂದೇ ಇದ್ದ ಮೂರು ಕಿಲೋವ್ಯಾಟ್ ಟರ್ಬೈನ್ (ನೀರಿನಿಂದ ತಿರುಗುವ ಚಕ್ರ) ತಂದರು. ಹಳ್ಳಕ್ಕೆ ಅಡ್ಡವಾಗಿ ಮೊಣಕಾಲೆತ್ತರದ ಸಿಮೆಂಟ್ ಒಡ್ಡು ಕಟ್ಟಿದರು. ಅಲ್ಲಿಂದ ಕೆಳಗಿನ ಸಂಕದವರೆಗೆ (ಹಳ್ಳ ದಾಟುವ ಕಾಲುಸೇತುವೆ) 220 ಮೀಟರ್ ಪೈಪು. ತೋಟಕ್ಕೆ ಬಳಸುವ 90 ಮಿಲಿಮೀಟರ್ ಪಿವಿಸಿ ಪೈಪೇ ಹಾಕಿದೆವು. ಒಟ್ಟು ಖರ್ಚಿನಲ್ಲಿ ಹತ್ತಿರಹತ್ತಿರ ಅರ್ಧ ಈ ಪೈಪಿಗೇ ಹೋಯಿತು. ಒಡ್ಡು, ಪೈಪು ಎಲ್ಲ ಅವರ ಸ್ವಂತ ಹಿಡುವಳಿಯೊಳಗೇ ಇತ್ತು. ಮೇಲಿನ ಜಾಗ ಅರಣ್ಯಕ್ಕೆ ಸೇರಿದ್ದರೆ ಅನುಮತಿ ಇಲ್ಲದೆ ಒಂದು ಕಲ್ಲೂ ಇಡುವ ಹಾಗಿರಲಿಲ್ಲ.

ಚಾಲೂ ಮಾಡಿದ ದಿನ ಬಲ್ಬು ಹೊತ್ತಿತು. ಮಕ್ಕಳು ಕೂಗಿದರು. ಆದರೆ ಮೀಟರಿನಲ್ಲಿ ಒಂದೂವರೆ ಕಿಲೋವ್ಯಾಟಿಗಿಂತ ಮೇಲೆ ಹೋಗಲಿಲ್ಲ. ಯಂತ್ರ ಕೊಟ್ಟವರು "ನೀರು ಸಾಲದು" ಅಂದರು. ಒಡ್ಡಿನ ಮೇಲೆ ನೀರು ಉಕ್ಕಿ ಹರಿಯುತ್ತಿತ್ತು. ನೀರು ಹೇಗೆ ಸಾಲದು?

ಉತ್ತರ ಕೊಟ್ಟದ್ದು ಒಂದು ಪ್ರೆಶರ್ ಗೇಜ್. ಟರ್ಬೈನಿನ ಮುಂಚೆ ಪೈಪಿಗೆ ಅದನ್ನು ಕೂರಿಸಿದೆವು. ವಾಲ್ವ್ ಮುಚ್ಚಿದಾಗ ಚದರ ಸೆಂಟಿಮೀಟರಿಗೆ 3.8 ಕೆಜಿ ತೋರಿಸಿತು. ಅಂದರೆ ಪೂರ್ತಿ 38 ಮೀಟರ್ ಎತ್ತರದ ಒತ್ತಡ. ವಾಲ್ವ್ ತೆರೆದು ಯಂತ್ರ ಓಡಿದಾಗ 2.6ಕ್ಕೆ ಇಳಿಯಿತು. ಹನ್ನೆರಡು ಮೀಟರ್ ಎಲ್ಲಿ ಹೋಯಿತು? ಪೈಪಿನ ಗೋಡೆಗೆ ಉಜ್ಜಿಕೊಂಡು ಬರುವುದರಲ್ಲಿ ಹೋಯಿತು. ಸಣ್ಣ ಪೈಪಿನಲ್ಲಿ ಜಾಸ್ತಿ ನೀರು ನುಗ್ಗಿಸಿದರೆ ನೀರಿನ ವೇಗ ಏರುತ್ತದೆ. ವೇಗ ಎರಡು ಪಟ್ಟಾದರೆ ಉಜ್ಜಾಟದ ನಷ್ಟ ಹತ್ತಿರಹತ್ತಿರ ನಾಲ್ಕು ಪಟ್ಟಾಗುತ್ತದೆ. ಒತ್ತಡ ಕಮ್ಮಿಯಾದಾಗ ನಾಝಲಿನಿಂದ ಬರುವ ನೀರೂ ಕಮ್ಮಿಯಾಗುತ್ತದೆ. 26 ಮೀಟರ್, 13 ಲೀಟರ್. ಮೂರು ಕಿಲೋವ್ಯಾಟ್ ಕರಗಿ ಅರ್ಧಕ್ಕೆ ಬಂದದ್ದು ಹೀಗೆ. ಪೈಪಿನ ನಷ್ಟ ಲೆಕ್ಕ ಹಾಕದೇ ಇದ್ದದ್ದು ನನ್ನ ಎರಡನೇ ತಪ್ಪು.

ಒಂದೂವರೆ ಕಿಲೋವ್ಯಾಟ್ ಆದರೂ ಸಾಕು ಅಂತ ಮುಂದುವರಿದರು. ಸೆಪ್ಟೆಂಬರ್‌ವರೆಗೆ ನಡೆಯಿತು. ಮಧ್ಯೆ ಒಂದು ರಾತ್ರಿ ಮೂರು ಮನೆಯ ಬಲ್ಬುಗಳು ಒಟ್ಟಿಗೆ ಸುಟ್ಟವು. ಕಾರಣ ಹೇಳಲೇಬೇಕು. ಹಳ್ಳದ ನೀರು ನಿಲ್ಲುವುದಿಲ್ಲ, ನಾವು ದೀಪ ಆರಿಸುತ್ತೇವೆ. ಭಾರ ಕಮ್ಮಿಯಾದಾಗ ಚಕ್ರ ಜೋರಾಗಿ ತಿರುಗುತ್ತದೆ, ವೋಲ್ಟೇಜ್ ಏರುತ್ತದೆ. ಅದಕ್ಕೆ ಲೋಡ್ ಕಂಟ್ರೋಲರ್ ಎಂಬ ಪೆಟ್ಟಿಗೆ ಇರುತ್ತದೆ. ಮನೆಯವರು ಬಳಸದೇ ಬಿಟ್ಟ ಕರೆಂಟನ್ನು ಅದು ಒಂದು ಹೀಟರ್ ಕಾಯಿಲಿಗೆ ತಿರುಗಿಸುತ್ತದೆ. ಆ ಕಾಯಿಲನ್ನು ಒಂದು ಡ್ರಮ್ಮಿನ ನೀರಿನಲ್ಲಿ ಇಟ್ಟಿದ್ದರು. ಡ್ರಮ್ಮಿನ ನೀರು ಕುದಿದು ಕುದಿದು ಆರಿತು, ಕಾಯಿಲ್ ಸುಟ್ಟಿತು, ಆಮೇಲೆ ವೋಲ್ಟೇಜ್ ಹಿಡಿಯುವವರೇ ಇರಲಿಲ್ಲ.

ದೀಪಾವಳಿಯ ವಾರ ಯಂತ್ರ ಗೊರಗೊರ ಸದ್ದು ಮಾಡತೊಡಗಿತು. ಹಳ್ಳದಲ್ಲಿ ನೀರು 9 ಲೀಟರಿಗೆ ಇಳಿದಿತ್ತು, ನಾಝಲ್ ಕೇಳುತ್ತಿದ್ದದ್ದು 13. ಪೈಪು ಖಾಲಿಯಾಗಿ ಗಾಳಿ ಹೊಕ್ಕಿತು. ದೀಪದ ಹಬ್ಬದ ದಿನ ದೀಪ ಮಿಣುಕಿ ನಿಂತಿತು. ಭಾವ ಏನೂ ಮಾತಾಡದೆ ವಾಲ್ವ್ ಮುಚ್ಚಿ ಬಂದರು. ಆ ಮುಖ ನನಗೆ ಇನ್ನೂ ನೆನಪಿದೆ.

ನಡುವಿನ ಮನೆಯ ಅಜ್ಜಿ

ಇಷ್ಟರಲ್ಲಿ ಇನ್ನೊಂದು ವಿಷಯ ಒಳಗೊಳಗೇ ಬೆಳೆದಿತ್ತು. ನಾವು ನೀರು ಎತ್ತುವ ಜಾಗಕ್ಕೂ ಬಿಡುವ ಜಾಗಕ್ಕೂ ಮಧ್ಯೆ ಹಳ್ಳದ ಪಕ್ಕ ಒಂದು ಮನೆ ಇದೆ. ಅವರ ಕುಡಿಯುವ ನೀರಿನ ಅಬ್ಬಿ (ಮನೆಗೆ ಹರಿದು ಬರುವ ನೀರು), ತೋಟದ ನೀರು ಎರಡೂ ಹಳ್ಳದ ಆ ಮಧ್ಯದ ಗುಂಡಿಯಿಂದಲೇ. ಮೊದಲು ಅಡಿಕೆ ದಂಬೆಯಲ್ಲಿ (ಸೀಳಿದ ಅಡಿಕೆ ಮರದ ದೋಣಿ) ತರುತ್ತಿದ್ದರು, ಈಗ ಪೈಪು. ಮಳೆಗಾಲದಲ್ಲಿ ಏನೂ ಗೊತ್ತಾಗಲಿಲ್ಲ. ಅಕ್ಟೋಬರಿನಲ್ಲಿ ಗುಂಡಿಯ ನೀರು ಇಳಿಯಿತು.

ನಾವು ಎಲ್ಲರಿಗೂ ಹೇಳಿದ್ದ ಮಾತು, "ನೀರು ಖರ್ಚಾಗುವುದಿಲ್ಲ, ಚಕ್ರ ತಿರುಗಿಸಿ ವಾಪಸ್ ಹಳ್ಳಕ್ಕೇ ಹೋಗುತ್ತದೆ." ಸುಳ್ಳಲ್ಲ. ಆದರೆ ವಾಪಸ್ ಹೋಗುವುದು 220 ಮೀಟರ್ ಕೆಳಗೆ. ಮಧ್ಯದಲ್ಲಿ ಇದ್ದವರಿಗೆ ಅದು ಹೋದ ನೀರೇ.

ಮಾತಾಡಲು ಹೋದಾಗ ಆ ಮನೆಯ ಅಜ್ಜಿ ಜಗಲಿಯಲ್ಲಿ ಅಡಿಕೆ ಸುಲಿಯುತ್ತ ಕೂತಿದ್ದರು. ಅವರ ತವರು ಲಿಂಗನಮಕ್ಕಿ ಹಿನ್ನೀರಿನ ಅಡಿಯಲ್ಲಿದೆ. ಚಿಕ್ಕವರಿದ್ದಾಗ ಮನೆ, ಗದ್ದೆ ಬಿಟ್ಟು ಬಂದವರು. ಅವರು ಜೋರು ಮಾಡಲಿಲ್ಲ. "ತಮ್ಮಾ, ಕರೆಂಟಿಗೆ ಅಂತ ಒಂದ್ಸಲ ಊರನ್ನೇ ಕೊಟ್ಟಿದೀವಿ. ಈಗ ಬಚ್ಚಲಿನ ನೀರನ್ನೂ ಕೊಡು ಅಂತೀರಾ?" ಅಂದರು ಅಷ್ಟೆ.

ಉತ್ತರ ಕೊಡಲು ನನ್ನಲ್ಲಿ ಏನೂ ಇರಲಿಲ್ಲ. ಈ ಪ್ರಕರಣದ ನಿಜವಾದ ತಿರುವು ಅದೇ ಅನ್ನುತ್ತೇನೆ. ಅಲ್ಲಿಯವರೆಗೆ ನಮ್ಮ ಪ್ರಶ್ನೆ "ಈ ಹಳ್ಳದಿಂದ ಎಷ್ಟು ತೆಗೆಯಬಹುದು" ಅಂತ ಇತ್ತು. ಅಂದಿನಿಂದ "ಎಲ್ಲರದ್ದೂ ಆದಮೇಲೆ ಎಷ್ಟು ಉಳಿಯುತ್ತದೆ" ಅಂತ ಆಯಿತು. ಯಂತ್ರದ ಗಾತ್ರ ಬದಲಾದದ್ದೂ ಈ ಪ್ರಶ್ನೆಯಿಂದಲೇ.

ಒಂದು ವರ್ಷ ಬರೀ ಅಳತೆ

ಯಂತ್ರ ಕೊಟ್ಟವರ ಸಲಹೆ ಸರಳವಾಗಿತ್ತು: ಪೈಪು ಬದಲಾಯಿಸಿ, 140 ಮಿಲಿಮೀಟರಿನದು ಹಾಕಿ, ಮೂರು ಕಿಲೋವ್ಯಾಟ್ ಬರುತ್ತದೆ. ಮಳೆಗಾಲದಲ್ಲಿ ಬರುತ್ತಿತ್ತೇನೋ. ಆದರೆ ದೀಪಾವಳಿಗೆ ನಿಲ್ಲುವುದು ತಪ್ಪುತ್ತಿರಲಿಲ್ಲ. ಭಾವ ದುಡ್ಡು ಹೊಂದಿಸಲು ಸಿದ್ಧರಿದ್ದರು. ಕೆಳಗಿನ ಮನೆಯ ದೊಡ್ಡಪ್ಪ ತಡೆದರು. "ಒಂದು ವರ್ಷ ಸುಮ್ನೆ ಹಳ್ಳ ನೋಡಿ ಮಾರಾಯ್ರೆ. ಹಳ್ಳ ಎಲ್ಲಿಗೂ ಓಡಿ ಹೋಗಲ್ಲ" ಅಂದರು.

2018 ಪೂರ್ತಿ ಅಳೆದೆವು. ಪ್ರತಿ ಭಾನುವಾರ. ಅಳೆದದ್ದು ಕೆಳಗಿನ ಮನೆಯ ಹೈಸ್ಕೂಲು ಹುಡುಗಿ. ಬೇಸಿಗೆಯಲ್ಲಿ 20 ಲೀಟರಿನ ಪೇಂಟ್ ಬಕೆಟ್ ಮತ್ತು ಮೊಬೈಲಿನ ಸ್ಟಾಪ್‌ವಾಚ್ ಸಾಕಾಯಿತು. ಮಾರ್ಚಿನಲ್ಲಿ ಬಕೆಟ್ ತುಂಬಲು 13 ಸೆಕೆಂಡ್, ಏಪ್ರಿಲ್ ಕೊನೆಗೆ 25 ಸೆಕೆಂಡ್. ಅಂದರೆ ಸೆಕೆಂಡಿಗೆ ಒಂದು ಲೀಟರೂ ಇಲ್ಲ.

ಮಳೆಗಾಲದಲ್ಲಿ ಬಕೆಟ್ ಹಿಡಿಯಲು ಆಗುವುದಿಲ್ಲ. ಪ್ಲೈವುಡ್ ಹಲಗೆಯಲ್ಲಿ ಇಂಗ್ಲಿಷಿನ ವಿ ಅಕ್ಷರದ ಹಾಗೆ 90 ಡಿಗ್ರಿಯ ಕಚ್ಚು ಕತ್ತರಿಸಿ ಹಳ್ಳಕ್ಕೆ ಅಡ್ಡ ನಿಲ್ಲಿಸಿದೆವು. ಎಲ್ಲ ನೀರೂ ಆ ಕಚ್ಚಿನ ಮೂಲಕವೇ ಬೀಳಬೇಕು. ಹಲಗೆಯಿಂದ ಸ್ವಲ್ಪ ಹಿಂದೆ, ನೀರು ಶಾಂತವಾಗಿರುವಲ್ಲಿ, ಕಚ್ಚಿನ ತಳದಿಂದ ನೀರು ಎಷ್ಟು ಮೇಲಿದೆ ಎಂದು ಅಳೆಯಬೇಕು. 10 ಸೆಂಟಿಮೀಟರ್ ಇದ್ದರೆ ಸೆಕೆಂಡಿಗೆ ಸುಮಾರು 4.4 ಲೀಟರ್. 20 ಇದ್ದರೆ ಸುಮಾರು 25 ಲೀಟರ್. ಎತ್ತರ ಎರಡು ಪಟ್ಟು, ನೀರು ಐದೂವರೆ ಪಟ್ಟಿಗೂ ಜಾಸ್ತಿ! ಹಳ್ಳವನ್ನು ಕಣ್ಣಿನಿಂದ ನೋಡಿ ಅಂದಾಜು ಮಾಡಿದರೆ ಯಾಕೆ ತಪ್ಪುತ್ತದೆ ಅನ್ನುವುದು ಆ ಹುಡುಗಿಗೂ ನನಗೂ ಒಟ್ಟಿಗೆ ಅರ್ಥವಾಯಿತು.

ಒಂದು ಎಚ್ಚರಿಕೆ ಇಟ್ಟುಕೊಂಡೆವು. 2018 ಜೋರು ಮಳೆಯ ವರ್ಷ, ಕೊಡಗಿನಲ್ಲಿ ಗುಡ್ಡಗಳು ಕುಸಿದ ವರ್ಷ. ಆ ವರ್ಷದ ಅಂಕಿಯನ್ನೇ ನಂಬಿದರೆ ಮತ್ತೆ ಮೋಸ ಹೋಗುತ್ತೇವೆ. ಅದಕ್ಕೆ ದೊಡ್ಡಪ್ಪನನ್ನು ಹಳ್ಳದ ಬಳಿ ಕರೆದುಕೊಂಡು ಹೋಗಿ, 2016ರ ಬರದಲ್ಲಿ ಡಿಸೆಂಬರಿಗೆ ಯಾವ ಕಲ್ಲು ಕಾಣುತ್ತಿತ್ತು ಎಂದು ಕೇಳಿದೆವು. ಅವರು ತೋರಿಸಿದ ಕಲ್ಲಿನ ಮಟ್ಟಕ್ಕೆ ಲೆಕ್ಕ ಇಳಿಸಿದೆವು. ಡಿಸೆಂಬರಿನಲ್ಲಿ 6 ಲೀಟರ್ ಅಂತ ನಿಂತಿತು. ಅದರಲ್ಲಿ ನಡುವಿನ ಮನೆಗೆ ಒಂದು ಲೀಟರ್ ಬಿಟ್ಟರೆ ಯಂತ್ರಕ್ಕೆ 5.

ಐದು ಲೀಟರಿನ ಯಂತ್ರ

38 ಮೀಟರ್, 5 ಲೀಟರ್. ಇಲ್ಲೊಂದು ಸಂತೋಷದ ವಿಷಯ ಸಿಕ್ಕಿತು. ಅದೇ ಹಳೆಯ 90 ಮಿಲಿಮೀಟರ್ ಪೈಪಿನಲ್ಲಿ ಸೆಕೆಂಡಿಗೆ 5 ಲೀಟರ್ ಮಾತ್ರ ಹರಿಸಿದರೆ ನಷ್ಟ ಬರೀ ಎರಡು ಮೀಟರ್. ಹಾಗಾದರೆ ಪೈಪಿನಲ್ಲಿ ತಪ್ಪಿರಲಿಲ್ಲ. ನಾವು ಅದರಿಂದ ಕೇಳಿದ್ದೇ ಜಾಸ್ತಿಯಾಗಿತ್ತು. ಹೊಸ ಪೈಪಿನ ಖರ್ಚು ಉಳಿಯಿತು. 36 ಗುಣಿಸು 5 ಗುಣಿಸು 5, ಒಂಬೈನೂರು ವ್ಯಾಟ್. ನಿಜದಲ್ಲಿ ಎಂಟುನೂರೈವತ್ತರ ಆಸುಪಾಸು.

ಮೂರು ಕಿಲೋವ್ಯಾಟಿನ ಕನಸು ಕಂಡವರಿಗೆ ಎಂಟುನೂರೈವತ್ತು ವ್ಯಾಟ್ ಒಪ್ಪಿಸುವುದು ಕಷ್ಟವಾಯಿತು. ಕೆಳಗಿನ ಒಂದು ಮನೆಯವರು "ಇದಕ್ಕೆ ಇಷ್ಟೆಲ್ಲ ಬೇಕಾ" ಅಂತ ಎದ್ದು ಹೋದರು. ಹಾಳೆಯ ಮೇಲೆ ಲೆಕ್ಕ ಬರೆದು ತೋರಿಸಿದೆ. ಹಳೆಯ ಯಂತ್ರ ಒಂದೂವರೆ ಕಿಲೋವ್ಯಾಟಿನಲ್ಲಿ ನೂರು ದಿನ ಓಡಿದರೆ 3,600 ಯೂನಿಟ್. ಹೊಸದು ದಿನಕ್ಕೆ 20 ಯೂನಿಟ್, ಜೂನ್ ಮಧ್ಯದಿಂದ ಡಿಸೆಂಬರ್ ಕೊನೆಯವರೆಗೆ 190 ದಿನ, 3,800 ಯೂನಿಟ್. ಆಮೇಲೆ ಒಂದು ನಾಝಲ್ ಮುಚ್ಚಿ 400 ವ್ಯಾಟಿನಲ್ಲಿ ಶಿವರಾತ್ರಿಯವರೆಗೆ. ಯಂತ್ರ ಮೂರನೇ ಒಂದು ಭಾಗದ್ದು, ವರ್ಷದ ಕರೆಂಟು ಜಾಸ್ತಿ. ರಾತ್ರಿ ಹಗಲು ನಿಲ್ಲದೆ ತಿರುಗುವುದರ ಬಲ ಅದು. ಎದ್ದು ಹೋದವರು ಮರುದಿನ ಬಂದು ಆ ಹಾಳೆ ಕೇಳಿ ತೆಗೆದುಕೊಂಡು ಹೋದರು. ವಾರದ ಮೇಲೆ ಒಪ್ಪಿದರು.

ಎರಡು ನಾಝಲ್ ಇರುವ ಸಣ್ಣ ಪೆಲ್ಟನ್ ಟರ್ಬೈನ್ ಆರಿಸಿದೆವು. ಎತ್ತರ ಜಾಸ್ತಿ, ನೀರು ಕಮ್ಮಿ ಇರುವ ಗುಡ್ಡದ ಹಳ್ಳಕ್ಕೆ ಹೊಂದುವುದು ಅದೇ. ಬಟ್ಟಲುಗಳ ಸಾಲಿರುವ ಚಕ್ರಕ್ಕೆ ನೀರಿನ ಧಾರೆ ಬಂದು ಹೊಡೆಯುತ್ತದೆ. ನೀರು ಕಮ್ಮಿಯಾದಾಗ ಒಂದು ನಾಝಲ್ ಮುಚ್ಚಿದರೆ ಇನ್ನೊಂದು ಪೂರ್ತಿ ಒತ್ತಡದಲ್ಲೇ ಕೆಲಸ ಮಾಡುತ್ತದೆ.

ಯಂತ್ರ ಎಲ್ಲಿಡಬೇಕು ಎಂಬ ಚರ್ಚೆ ಎರಡು ಸಲ ಬಂತು. ಹಳ್ಳದ ಅಂಚಿಗೆ ಇನ್ನೂ ಮೂರು ಮೀಟರ್ ಕೆಳಗೆ ಇಡೋಣ, ಅಷ್ಟು ಕರೆಂಟು ಜಾಸ್ತಿ ಸಿಗುತ್ತದೆ ಅಂತ ನಾನು ವಾದ ಮಾಡಿದ್ದೆ. ದೊಡ್ಡಪ್ಪ ಒಪ್ಪಲಿಲ್ಲ. ಹಳ್ಳದ ಪಕ್ಕದ ಒಂದು ಬಂಡೆ ತೋರಿಸಿ, ತಾವು ಹುಡುಗನಾಗಿದ್ದಾಗ ನೀರು ಅದರ ಮೇಲೆ ಹತ್ತಿತ್ತು ಅಂದರು. ಯಂತ್ರ ಮೇಲೆಯೇ ಉಳಿಯಿತು.

ನಡುವಿನ ಮನೆಯ ಪಾಲನ್ನು ಮಾತಿಗೆ ಬಿಡಲಿಲ್ಲ. ಒಡ್ಡಿನಲ್ಲೇ ಒಂದು ಸಣ್ಣ ಕಿಂಡಿ ಇಟ್ಟೆವು. ಯಂತ್ರದ ಪೈಪಿನ ಬಾಯಿ ಆ ಕಿಂಡಿಗಿಂತ ಒಂದು ಗೇಣು ಮೇಲೆ. ನೀರು ಇಳಿದರೆ ಮೊದಲು ನಿಲ್ಲುವುದು ಯಂತ್ರ, ಕೊನೆಯವರೆಗೆ ಹರಿಯುವುದು ಅಜ್ಜಿಯ ಗುಂಡಿಗೆ. ಯಾರೂ ಕಾಯಬೇಕಿಲ್ಲ, ಯಾರ ಜೊತೆಯೂ ಜಗಳ ಆಡಬೇಕಿಲ್ಲ. ಅಜ್ಜಿ ಕೋಲೂರಿಕೊಂಡು ಬಂದು, ಕಿಂಡಿಯಲ್ಲಿ ಕೈ ಇಟ್ಟು ನೋಡಿ, "ಹಾಂ, ಇದಾಗ್ತದೆ" ಅಂದರು. ಆ ಮನೆಗೂ ಅಂದೇ ತಂತಿ ಎಳೆದೆವು.

2019ರ ಆಗಸ್ಟ್, ಮತ್ತು ಆಮೇಲೆ

ಹೊಸ ಯಂತ್ರ ಜೂನಿನಲ್ಲಿ ತಿರುಗಿತು. ಆಗಸ್ಟ್ ಮೊದಲ ವಾರಗಳಲ್ಲಿ ಮಲೆನಾಡಿಗೆ ಬಂದ ಮಳೆ ಯಾರೂ ಮರೆಯುವಂಥದ್ದಲ್ಲ. ಒಂದು ರಾತ್ರಿ ಹಳ್ಳದಲ್ಲಿ ಮರದ ದಿಮ್ಮಿಗಳು ತೇಲಿ ಬಂದು ಸಿಮೆಂಟ್ ಒಡ್ಡಿಗೆ ಬಡಿದವು. ಒಡ್ಡು ಮುರಿಯಿತು, ಪೈಪಿನ ಮೇಲ್ಭಾಗದ ಆರೇಳು ತುಂಡು ಕೊಚ್ಚಿ ಹೋಯಿತು. ನೀರು ದೊಡ್ಡಪ್ಪ ತೋರಿಸಿದ ಬಂಡೆಯ ನೆತ್ತಿ ಮುಟ್ಟಿ ಇಳಿಯಿತು. ಯಂತ್ರದ ಗುಡಿಸಲಿಗೆ ಏನೂ ಆಗಲಿಲ್ಲ. ನಾನು ಹೇಳಿದ ಜಾಗದಲ್ಲಿ ಇಟ್ಟಿದ್ದರೆ ಎಲ್ಲವೂ ಹೋಗುತ್ತಿತ್ತು.

ಮತ್ತೆ ಗೋಡೆ ಕಟ್ಟಲಿಲ್ಲ. ಹಳ್ಳದ ತಳದ ಮಟ್ಟಕ್ಕೇ ಒಂದು ತೊಟ್ಟಿ ಕೂರಿಸಿ, ಅದರ ಮೇಲೆ ಇಳಿಜಾರಾಗಿ ಸ್ಟೀಲ್ ಜಾಲರಿ ಹಾಕಿದೆವು. ಪಕ್ಕದಲ್ಲಿ ಕಲ್ಲು ಜೋಡಿಸಿದ ಹಳೆಯ ಕ್ರಮದ ಕಟ್ಟು. ನೀರು ಜಾಲರಿಯ ಮೂಲಕ ಒಳಗಿಳಿಯುತ್ತದೆ, ದರಕು (ಒಣಗಿದ ಎಲೆ) ಮೇಲಿಂದ ಜಾರಿ ಹೋಗುತ್ತದೆ. ದಿಮ್ಮಿ ಬಂದರೂ ಬಡಿಯಲು ಏನೂ ಇಲ್ಲ. ಕಲ್ಲು ಹೋದರೆ ಮತ್ತೆ ಜೋಡಿಸಿದರಾಯಿತು. ಅಜ್ಜಿಯ ಕಿಂಡಿಯನ್ನು ತೊಟ್ಟಿಯ ತಳದಲ್ಲಿ ಮತ್ತೆ ಅದೇ ಲೆಕ್ಕದಲ್ಲಿ ಇಟ್ಟಿದ್ದೇವೆ. ಮರಳು ಕೂರಲು ತೊಟ್ಟಿಯೊಳಗೆ ಆಳ ಬಿಟ್ಟಿದ್ದೇವೆ. ಮರಳು ನಾಝಲಿನವರೆಗೆ ಹೋದರೆ ಚಕ್ರದ ಬಟ್ಟಲು ಸವೆಯುತ್ತದೆ.

ಈಗ ಮನೆಗಳಲ್ಲಿ ದೀಪ, ಮೊಬೈಲ್, ಟಿವಿ, ಎರಡು ಮನೆಯಲ್ಲಿ ಚಿಕ್ಕ ಫ್ರಿಜ್ ಇದೆ. ಮಿಕ್ಸಿ ಒಂದು ಸಲಕ್ಕೆ ಒಂದೇ ಮನೆಯಲ್ಲಿ. ಬೆಳಿಗ್ಗೆ ಚಟ್ನಿಯ ಹೊತ್ತಿಗೆ ಹೆಂಗಸರು ಫೋನ್ ಮಾಡಿ ಹೊಂದಿಸಿಕೊಳ್ಳುತ್ತಾರೆ. ರಾತ್ರಿ ಹತ್ತರ ಮೇಲೆ ಯಾರೂ ಬಳಸದ ಕರೆಂಟು ಕಾಯಿಲಿಗೆ ಹೋಗುತ್ತದಲ್ಲ, ಅದನ್ನೂ ಉಪಯೋಗಕ್ಕೆ ತಂದಿದ್ದಾರೆ. ಎರಡು ಕಾಯಿಲ್. ಒಂದು ಸಂಕದ ಪಕ್ಕದ ಬಚ್ಚಲಿನ ಟ್ಯಾಂಕಿನಲ್ಲಿ. ಇನ್ನೊಂದು, ಯಂತ್ರದಿಂದ ಹೊರಬೀಳುವ ನೀರಿನ ತೊಟ್ಟಿಯಲ್ಲಿ. ಆ ತೊಟ್ಟಿ ಯಂತ್ರ ತಿರುಗುವಷ್ಟು ಹೊತ್ತೂ ಖಾಲಿಯಾಗಲು ಸಾಧ್ಯವೇ ಇಲ್ಲ. ಬಚ್ಚಲಿನದು ಕೈಕೊಟ್ಟರೂ ಇದು ಭಾರ ಹೊರುತ್ತದೆ. ಬಲ್ಬು ಸುಟ್ಟ ಸುದ್ದಿ ಮತ್ತೆ ಬಂದಿಲ್ಲ. ಮಳೆಗಾಲದಲ್ಲಿ ಒಂದು ಮನೆಯ ಬಚ್ಚಲೊಲೆಗೆ ಸೌದೆ ಬೇಡವಾಗಿದೆ. ಹಸಿ ಸೌದೆ ಊದಿ ಕಣ್ಣು ಕೆಂಪು ಮಾಡಿಕೊಂಡವರಿಗೆ ಇದರ ಬೆಲೆ ಗೊತ್ತು.

ಶಿವರಾತ್ರಿಗೆ ವಾಲ್ವ್ ಮುಚ್ಚುತ್ತಾರೆ. ಅಲ್ಲಿಂದ ಮೇ ಕೊನೆಯವರೆಗೆ ಹಳ್ಳ ಪೂರ್ತಿ ತೋಟದ್ದು. ಆ ಹೊತ್ತಿಗೆ ಬಿಸಿಲು ಬಲಿತಿರುತ್ತದೆ, ಹಳೆಯ ಸೋಲಾರ್ ಕೆಲಸ ಮಾಡುತ್ತದೆ. ಸರ್ಕಾರಿ ಲೈನನ್ನೂ ತೆಗೆಸಿಲ್ಲ, ತೆಗೆಸುವ ಯೋಚನೆಯೂ ಇಲ್ಲ. ಪಂಪ್‌ಸೆಟ್ಟಿಗೆ ಅದೇ ಬೇಕು. ಎರಡೂ ಕರೆಂಟು ಬೆರೆಯದ ಹಾಗೆ ಪ್ರತಿ ಮನೆಯಲ್ಲೂ ಚೇಂಜ್‌ಓವರ್ ಸ್ವಿಚ್ ಇದೆ. ಅದಿಲ್ಲದಿದ್ದರೆ ಇಲ್ಲಿನ ಕರೆಂಟು ಸತ್ತ ಲೈನಿಗೆ ಹಿಂದಕ್ಕೆ ಹೋಗಿ, ಕಂಬ ಹತ್ತಿದ ಲೈನ್‌ಮ್ಯಾನ್ ಜೀವ ಹೋದೀತು. ಹೊಸದಾಗಿ ಮಾಡುವವರು ಇದೊಂದನ್ನು ಯಾವ ಕಾರಣಕ್ಕೂ ಮುಂದೂಡಬಾರದು.

ಬಗೆಹರಿಯದೆ ಉಳಿದದ್ದು ಒಂದಿದೆ. ಮಳೆಗಾಲದಲ್ಲಿ ದಿನಕ್ಕೊಮ್ಮೆ ಯಾರಾದರೂ ಗುಡ್ಡ ಹತ್ತಿ ಜಾಲರಿ ನೋಡಿ ಬರಬೇಕು. ಇಳಿಜಾರು ಜಾಲರಿಯಲ್ಲೂ ಅಡಿಕೆ ಹಾಳೆ ಸಿಕ್ಕಿಕೊಳ್ಳುತ್ತದೆ. ಇದನ್ನು ಈಗ ಭಾವ ಮಾಡುತ್ತಾರೆ, ಅವರಿಗೆ ಅರವತ್ತು ದಾಟಿದೆ. ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಬಕೆಟ್ ಹಿಡಿದು ಅಳೆದ ಹುಡುಗಿ ಈಗ ಕಾಲೇಜಿಗೆ ಹೊರಗಿದ್ದಾಳೆ. ವಾರಕ್ಕೊಂದು ಮನೆಯಂತೆ ಸರದಿ ಮಾಡಿದ್ದರು, ಎರಡು ವರ್ಷ ನಡೆಯಿತು, ಆಮೇಲೆ ಸಡಿಲವಾಯಿತು. ನನ್ನ ಹತ್ತಿರ ಸಲಹೆ ಕೇಳಲು ಬರುವವರು ಎಷ್ಟು ಕಿಲೋವ್ಯಾಟ್ ಎಂದೇ ಶುರು ಮಾಡುತ್ತಾರೆ. ನಾನು ಎರಡು ಕೇಳುತ್ತೇನೆ. ಡಿಸೆಂಬರಿನಲ್ಲಿ ನಿಮ್ಮ ಹಳ್ಳದಲ್ಲಿ ಎಷ್ಟು ಲೀಟರ್ ಇರುತ್ತದೆ? ಮಳೆಯಲ್ಲಿ ಜಾಲರಿ ನೋಡಲು ಯಾರು ಹೋಗುತ್ತಾರೆ? ಮೊದಲನೆಯದಕ್ಕೆ ಒಂದು ವರ್ಷದಲ್ಲಿ ಉತ್ತರ ಸಿಗುತ್ತದೆ. ಎರಡನೆಯದಕ್ಕೆ ಆ ನಾಲ್ಕು ಮನೆಗಳಲ್ಲೂ ಇನ್ನೂ ಮಾತುಕತೆ ನಡೆಯುತ್ತಿದೆ.